ಅವ್ವ ಕುದುರೆ ಏರಿದ ಭಾನುವಾರ

ನನಗೆ ಸಂಬಳ ಬರುವುದೇ ಚಿಂತೆ ಮಾಡುವುದಕ್ಕೆ. ಜಂಬದ ಮಾತಲ್ಲ, ವೃತ್ತಿಯೇ ಹಾಗೆ. ಇಂಗ್ಲೆಂಡಿನ ಲಫ್‌ಬರೋ ಊರಿನ ಒಂದು ಕಂಪನಿಯಲ್ಲಿ ಕೂತು, ಯಾವ ಯಂತ್ರ ಯಾವಾಗ ಹೇಗೆ ಕೈಕೊಡಬಹುದು ಎಂದು ಮೊದಲೇ ಊಹಿಸಿ ಹೇಳುವುದು ನನ್ನ ಕೆಲಸ. ಕೆಟ್ಟದ್ದನ್ನು ಬಯಸದೆಯೇ ಕೆಟ್ಟದ್ದನ್ನು ಕಲ್ಪಿಸುವ ಈ ವಿದ್ಯೆ ಸಂಜೆಯಾದ ಮೇಲೆ ಆಫೀಸಿನಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಅದು ನನ್ನ ಜೊತೆಗೇ ಕಾರು ಹತ್ತಿ ಮನೆಗೆ ಬರುತ್ತದೆ. ಕುಕ್ಕರಿನ ಸೀಟಿ ಕೇಳಿ ಬೆಚ್ಚುತ್ತದೆ. ಹಾಕಿದ ಬೀಗವನ್ನು ಎಳೆದು ನೋಡುತ್ತದೆ, ಗೇಟಿನವರೆಗೆ ಹೋಗಿ ಮರಳಿ ಬಂದು ಇನ್ನೊಮ್ಮೆ ಎಳೆಯುತ್ತದೆ.

ಇಂಥವನ ಮನೆಗೆ ಈ ಬೇಸಿಗೆಯಲ್ಲಿ ಧಾರವಾಡದಿಂದ ಅವ್ವ ಬಂದಳು. ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು, ಆಪರೇಷನ್ ಆಗಿ, ಮತ್ತೆ ನಡೆದಾಡುವಂತಾದ ಅವ್ವ. ಅವಳ ವಿಮಾನ ಇಳಿಯುವ ಮೊದಲೇ ನಾನು ಮನೆಯ ಗೋಡೆಗೋಡೆಗೂ ಹಿಡಿಕೆ ಬಡಿದಿದ್ದೆ. ಮೆಟ್ಟಿಲ ಅಂಚಿಗೆ ಹಳದಿ ಪಟ್ಟಿ ಅಂಟಿಸಿದ್ದೆ. ಸ್ನಾನದ ಮನೆ ಹಡಗಿನ ಒಳಭಾಗದಂತೆ ಕಾಣುತ್ತಿತ್ತು. ಅವ್ವ ಎದ್ದರೆ "ಹುಷಾರು" ಅನ್ನುತ್ತಿದ್ದೆ, ಕೂತರೆ "ಸಾವಕಾಶ" ಅನ್ನುತ್ತಿದ್ದೆ. ಸುಮ್ಮನೆ ನಿಂತಿದ್ದರೂ ಬಾಯಿ ತಡೆಯದೆ "ನೋಡಿಕೊಂಡು" ಅಂದುಬಿಡುತ್ತಿದ್ದೆ.

ಇದರ ಫಲ ನಿಧಾನವಾಗಿ ಕಣ್ಣಿಗೆ ಬಿತ್ತು. ಬಂದ ವಾರ ತಾನೇ ಎದ್ದು ಚಹಾ ಕಾಸುತ್ತಿದ್ದ ಅವ್ವ, ತಿಂಗಳು ಕಳೆಯುವುದರೊಳಗೆ ಕುರ್ಚಿಯಿಂದ ಕಿಟಕಿಗೆ ಹೋಗಲೂ "ಬಸೂ, ಕೈ ಕೊಡೋ" ಅನ್ನತೊಡಗಿದಳು. ಹೊಸ್ತಿಲು ಬಂದರೆ ನಿಂತುಬಿಡುವಳು. ನನ್ನ ಹೆಂಡತಿ ಗಿರಿಜಾ ಇಲ್ಲಿ ಜಿಪಿ, ಅಂದರೆ ಬಡಾವಣೆಯ ಡಾಕ್ಟರು. ಹತ್ತು ನಿಮಿಷಕ್ಕೊಬ್ಬ ರೋಗಿಯನ್ನು ನೋಡಿ ನೋಡಿ ಅವಳ ಮಾತು ಮಾತ್ರೆಯಷ್ಟೇ ಚಿಕ್ಕದಾಗಿದೆ. ಒಂದು ದಿನ ಹೇಳಿದಳು: "ಅತ್ತಿಯವರ ಎಲುಬು ಕೂಡ್ಯಾವ್ರೀ. ಈಗ ಅವರಿಗೆ ಇರೂದು ನಿಮ್ಮ ಅಂಜಿಕಿ. ಹಿಂಗ ಬಿಟ್ರ, ಊರಿಗೆ ಹೋಗೂದ್ರಾಗ ಹಾಸಿಗಿ ಹಿಡೀತಾರ."

ನಾನು ಗ್ಯಾಸು ಆರಿಸಿದ್ದೇನೋ ಇಲ್ಲವೋ ನೋಡಲು ಎದ್ದು ಹೋದೆ. ಆದರೆ ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು.

ಗಿರಿಜಾಳ ಡ್ಯೂಟಿ ಪಟ್ಟಿಯಲ್ಲಿ ಬಿಡುವು ಸಿಕ್ಕ ಒಂದು ಭಾನುವಾರ, ಡರ್ಬಿಶೈರಿನ ಕಡೆಯ ಒಂದು ಸಣ್ಣ ಊರಿಗೆ ಹೋದೆವು. ಒಂದು ಬೀದಿ, ಒಂದು ಚರ್ಚು, ನಾಲ್ಕು ಚಹಾದಂಗಡಿ. ಊರು ಶುರುವಾಯಿತು ಅನ್ನುವಷ್ಟರಲ್ಲಿ ಮುಗಿಯುತ್ತದೆ. ಮುಗಿಯುವ ಕಡೆ ಹೊಳೆದಂಡೆಯ ಹುಲ್ಲಿನ ಮೇಲೆ ಅದು ನಿಂತಿತ್ತು. ಮೆರ್ರಿ-ಗೋ-ರೌಂಡ್ ಅಂದರೆ ನಿಮ್ಮ ಕಣ್ಣ ಮುಂದೆ ಬರುವ ಪ್ಲಾಸ್ಟಿಕ್ ಕುದುರೆಗಳನ್ನು ದಯವಿಟ್ಟು ಅತ್ತ ಸರಿಸಿ. ಇವು ನೂರು ವರ್ಷ ದಾಟಿದ ಮರದ ಕುದುರೆಗಳು. ಒಂದೊಂದನ್ನೂ ಕೈಯಿಂದ ಕೆತ್ತಿದ್ದಾರೆ. ಸೆಟೆದ ಮೂಗಿನ ಹೊಳ್ಳೆ, ಹಾರಿದ ಕೇಸರ, ಕೊರಳ ಮೇಲೆ ಚಿನ್ನದ ಬಣ್ಣದಲ್ಲಿ ಒಂದೊಂದಕ್ಕೂ ಹೆಸರು. ನಡುವೆ ನಿಜವಾದ ಉಗಿ ಎಂಜಿನ್, ಕಲ್ಲಿದ್ದಲು ತಿಂದು ಉಸಿರು ಬಿಡುತ್ತಿತ್ತು. ಪಕ್ಕದಲ್ಲಿ ತಾನೇ ನುಡಿಯುವ ಆರ್ಗನ್. ಅದರ ಮುಂದೆ ನಿಂತ ಮರದ ಬೊಂಬೆಯೊಂದು ತಾಳಕ್ಕೆ ಸರಿಯಾಗಿ ಗಂಟೆ ಬಾರಿಸುತ್ತಿತ್ತು.

ನನ್ನ ತೋಳು ಹಿಡಿದು ಬರುತ್ತಿದ್ದ ಅವ್ವ ನಿಂತಳು. ಮೂಗರಳಿಸಿ, "ಹುಬ್ಬಳ್ಳಿ ಸ್ಟೇಷನ್ನಿನ ವಾಸನಿ" ಅಂದಳು. ಕಲ್ಲಿದ್ದಲ ರೈಲು ಹೋಗಿ ಎಷ್ಟು ಕಾಲವಾಯಿತು! ಆಮೇಲೆ ಬಹಳ ಹೊತ್ತು ನೋಡಿ, "ಬಲಕ್ಕ ತಿರುಗತಾವಲ್ಲೋ, ಗುಡಿ ಸುತ್ತಿದಂಗ" ಅಂದಳು.

ಹೌದಲ್ಲ! ನಾನು ಯಂತ್ರದ ಬೋಲ್ಟು ನೋಡುತ್ತಿದ್ದೆ, ಅವಳು ದಿಕ್ಕು ನೋಡಿದ್ದಳು. ಆಮೇಲೆ ಓದಿ ತಿಳಿದುಕೊಂಡೆ: ಇಂಗ್ಲೆಂಡಿನ ಈ ಕುದುರೆಗಳು ಸುತ್ತುವುದು ಬಲಕ್ಕೆ, ಸಮುದ್ರ ದಾಟಿದರೆ ಯುರೋಪಿನವು, ಅಮೆರಿಕದವು ಸಾಮಾನ್ಯವಾಗಿ ಎಡಕ್ಕೆ. ಎಡಸೊಂಟಕ್ಕೆ ಕತ್ತಿ ಕಟ್ಟಿದ ಸವಾರ ಕುದುರೆಯ ಎಡಗಡೆಯಿಂದಲೇ ಹತ್ತಬೇಕು. ಹಾಗಾಗಿ ಎಡಮೈ ಹೊರಕ್ಕಿರಲಿ, ಹತ್ತಲು ಅನುಕೂಲ ಅನ್ನುವುದು ಇಲ್ಲಿನವರ ಲೆಕ್ಕ. ದೇವರು ಬಲಗಡೆ ಇರಲಿ ಅನ್ನುವುದು ನಮ್ಮವರ ಲೆಕ್ಕ. ಕತ್ತಿ, ಭಕ್ತಿ ಎರಡೂ ಸುತ್ತಿ ಸುತ್ತಿ ಒಂದೇ ದಿಕ್ಕಿಗೆ ಬಂದು ಕೂಡಿವೆ. ಒಂದೇ ವ್ಯತ್ಯಾಸ. ಶಿವನ ಗುಡಿಯಲ್ಲಿ ಅಭಿಷೇಕದ ನೀರು ಹರಿಯುವ ಕಡೆ ದಾಟಬಾರದು, ಅರ್ಧಕ್ಕೇ ಹಿಂದಿರುಗಬೇಕು ಅನ್ನುತ್ತಾರೆ. ಈ ಕುದುರೆಗಳು ಆ ಶಾಸ್ತ್ರ ಪಾಲಿಸಿದ್ದರೆ ಸವಾರರ ಗತಿ ಏನಾಗುತ್ತಿತ್ತೋ ಎಂದು ಯೋಚಿಸಿ ನಾನು ಒಂದು ಸಣ್ಣ ಚಿಂತೆಯನ್ನು ಪುಕ್ಕಟೆ ಪಡೆದುಕೊಂಡೆ.

"ನಾನೂ ಹತ್ತತೇನಿ" ಅಂದಳು ಅವ್ವ.

ಕುದುರೆಗಳ ನಡುವೆ ಅಲ್ಲಲ್ಲಿ ಕೆಂಪು ಮೆತ್ತೆಯ ಬೆಂಚುಗಳೂ ಇದ್ದವು, ಮುದುಕರಿಗೆಂದು, ಕೂಸುಗಳಿಗೆಂದು. "ಅದರಾಗ ಕೂಡು ಬೇ, ಆರಾಮ ಇರತದ" ಅಂದೆ.

"ಕುರ್ಚ್ಯಾಗ ಕುಂದ್ರಾಕ ಇಲ್ಲಿ ತನಕ ಬರಬೇಕಿತ್ತೇನು? ನಿನ್ನ ಮನ್ಯಾಗ ಮತ್ತೇನ್ ಮಾಡೇನಿ?"

ಗಿರಿಜಾಳ ಮುಖ ನೋಡಿದೆ. ಅವಳು ಕೋಟು, ಚೀಲ ಎಲ್ಲ ತನ್ನ ಹೆಗಲಿಗೆ ಹಾಕಿಕೊಂಡು, "ಹೋಗ್ರಿ, ನಾ ಫೋಟೋ ತಗೀತೇನಿ" ಅಂದುಬಿಟ್ಟಳು. ಮನೆಯ ಡಾಕ್ಟರೇ ಹೀಗಂದರೆ ಇನ್ನು ಯಾರ ಬಳಿ ದೂರು?

ಮೆಟ್ಟಿಲ ಬುಡಕ್ಕೆ ಬಂದೆವು. ಅವ್ವ ಅಲ್ಲಿ ಒಂದು ಕ್ಷಣ ನಿಂತು, ಚಪ್ಪಲಿ ಕಳಚಿ, ಜೋಡಿಸಿ ಪಕ್ಕಕ್ಕಿಟ್ಟಳು. ದೀಪ, ಗಂಟೆ, ಬಂಗಾರದ ಬಣ್ಣದ ಕಂಬ, ಬಲಕ್ಕೆ ಸುತ್ತು. ಇಷ್ಟೆಲ್ಲ ಇದ್ದಲ್ಲಿ ಮೆಟ್ಟಿಕೊಂಡು ಹತ್ತುವುದು ಅವಳ ಕಾಲಿಗೆ ತಿಳಿಯದ ವಿಷಯ. ಅವ್ವ ಬಿಟ್ಟಳೆಂದು ನಾನೂ ಬಿಟ್ಟೆ. ಬರಿಗಾಲು ಜಾರುವುದಿಲ್ಲ ಎಂಬ ಸಮಾಧಾನವೂ ಇತ್ತು. ನಮ್ಮ ಹಿಂದೆ ಏನು ನಡೆಯುತ್ತಿದೆ ಎಂದು ತಿರುಗಿ ನೋಡಲಿಲ್ಲ.

ನಡೆಸುವಾಕೆ ಕೊರಳಿಗೆ ಸೀಟಿ ತೂಗುಹಾಕಿಕೊಂಡ ದಪ್ಪನೆಯ ಹೆಂಗಸು. ಸಣ್ಣ ಮಣೆಯೊಂದನ್ನು ತಂದಿಟ್ಟು, "ಬಾ, ಮಿ ಡಕ್" ಎಂದು ಅವ್ವನ ಮೊಣಕೈ ಹಿಡಿದಳು. ಈ ಸೀಮೆಯಲ್ಲಿ ರಾಣಿಯನ್ನೂ ಹಾಗೇ 'ನನ್ನ ಬಾತುಕೋಳಿ' ಎಂದು ಕರೆದಾರು, ಅದು ಅವರ 'ತಂಗೀ, ಅವ್ವಾ'. ನಾನು ಪಕ್ಕದಲ್ಲಿ ನಿಂತೇ ಇರುತ್ತೇನೆ ಅಂದೆ. "ನಿಲ್ಲುವಂತಿಲ್ಲ. ಹತ್ತು, ಇಲ್ಲಾ ಇಳಿ" ಅಂದಳು. ಸುರಕ್ಷತೆಯ ನಿಯಮವಂತೆ! ಜೀವಮಾನವೆಲ್ಲ ಅಂಥ ನಿಯಮ ಬರೆದವನಿಗೆ ಬಾಯಿ ಎಲ್ಲಿಂದ ಬರಬೇಕು? ಅವ್ವನ ಪಕ್ಕದ, ಒಳಸುತ್ತಿನ ಕುದುರೆಗೆ ನಾನೂ ತೆವಳಿ ಏರಿದೆ.

ಅವ್ವ ಎರಡೂ ಕಾಲು ಎಡಕ್ಕೆ ಇಳಿಬಿಟ್ಟು ಅಡ್ಡಕ್ಕೆ ಕೂತಿದ್ದಳು. ಆ ಭಂಗಿ ನೋಡಿದ್ದೇ ನನಗೆ ಅಪ್ಪನ ಸ್ಕೂಟರ್ ನೆನಪಾಯಿತು. ಮುಂದೆ ಹ್ಯಾಂಡಲ್ ಹಿಡಿದು ನಿಂತ ನಾನು, ಹಿಂದೆ ಹೀಗೇ ಅಡ್ಡಕ್ಕೆ ಕೂತ ಅವ್ವ. ಅವಳ ಮಡಿಲಲ್ಲಿ ತಮ್ಮ, ಮೊಣಕೈಯಲ್ಲಿ ಕಾಯಿಪಲ್ಲೆ ಚೀಲ. ಧಾರವಾಡದ ಏರಿಳಿವಿನ ರಸ್ತೆಯಲ್ಲಿ ಏನನ್ನೂ ಹಿಡಿಯದೆ ಕೂತು, ಎದುರಿಗೆ ಬಂದವರ ಜೊತೆ ಮಾತಾಡುತ್ತ ಹೋದವಳು. ಇಂಗ್ಲೆಂಡಿನ ದೊಡ್ಡ ಮನೆತನದ ಹೆಂಗಸರೂ ಒಂದು ಕಾಲಕ್ಕೆ ಕುದುರೆಯ ಮೇಲೆ ಹೀಗೇ ಕೂರುತ್ತಿದ್ದರಂತೆ. ಅವರಿಗಾದರೂ ಒಂದು ಜೀನು ಇತ್ತು.

ಸೀಟಿ ಕೂಗಿತು. ಉಗಿ ಬುಸ್ಸೆಂದಿತು. ಮೊದಲ ಸುತ್ತು ಮೆಲ್ಲಗೆ ಹೋಯಿತು. ಆಮೇಲೆ, ನಂಬಿ, ಕುದುರೆಗಳು ಓಡಿದವು. ಇಷ್ಟು ಮುದಿಯಾದ ಮರಕ್ಕೆ ಇಷ್ಟು ಓಟ ಇರಬಹುದೆಂದು ನನ್ನ ಯಾವ ಊಹೆಯಲ್ಲೂ ಇರಲಿಲ್ಲ. ಹೊಳೆ, ಚರ್ಚು, ಗಿರಿಜಾ ಎಲ್ಲ ಕಲಸಿ ಒಂದು ಹಸಿರು ಪಟ್ಟಿಯಾಗಿ ಹರಿಯಿತು. ನಾನು ಹಿತ್ತಾಳೆ ಕಂಬವನ್ನು ಎರಡೂ ಕೈಯಿಂದ ಅಪ್ಪಿ ಕಣ್ಣು ಮುಚ್ಚಿದೆ. ಹೊರಕ್ಕೆ ಎಳೆಯುವ ಬಲ ಎಷ್ಟು, ಅವ್ವನ ತೂಕ ಎಷ್ಟು ಎಂದು ಮನಸ್ಸು ತನ್ನ ಗುಣಾಕಾರ ಶುರುಮಾಡಿತು.

ಕಣ್ಣು ಬಿಟ್ಟೆ. ಅವ್ವನ ಸೆರಗು ಗಾಳಿಗೆ ಬಿಚ್ಚಿಕೊಂಡು ಹಾರುತ್ತಿತ್ತು. ಅವ್ವ ಕಂಬ ಬಿಟ್ಟಳು. ಎರಡೂ ಕೈ ಬಿಟ್ಟಳು. ಏರುತ್ತ ಇಳಿಯುತ್ತ ಓಡುವ ಕುದುರೆಯ ಮೇಲೆ ನನ್ನವ್ವ ಆತುರವಿಲ್ಲದೆ ಸೆರಗನ್ನು ಜಗ್ಗಿ, ಬೆನ್ನಿಂದ ಸುತ್ತಿ ತಂದು, ಸೊಂಟಕ್ಕೆ ಸಿಗಿಸಿದಳು. ಆ ಮುರಿದ ಸೊಂಟಕ್ಕೇ. ಅವಳ ಮೈ ಕುದುರೆಯ ಜೊತೆಗೇ ಏಳುತ್ತಿತ್ತು, ಇಳಿಯುತ್ತಿತ್ತು. ಒಂದಿಷ್ಟೂ ಅಲುಗಾಟವಿಲ್ಲ. ಎಂಜಿನ್ನಿನ ಉಸಿರು, ಬೊಂಬೆಯ ಗಂಟೆ, ಬೆಳ್ಳಿಕೂದಲ ಮೇಲೆ ಹಾಯುವ ಬಿಸಿಲು. ಅಷ್ಟು ವರ್ಷದ ಕುದುರೆ, ಅಷ್ಟು ವರ್ಷದ ಅವ್ವ, ಇಬ್ಬರೂ ನನ್ನ ಲೆಕ್ಕದ ಆಚೆ ಎಲ್ಲಿಯೋ ಹಾರುತ್ತಿದ್ದರು. ಗುಡಿಯಲ್ಲಿ ಕಣ್ಣು ಮುಚ್ಚಿ ನಿಂತಾಗಲೂ ನನಗೆ ಅಷ್ಟು ದೊಡ್ಡದು ಏನೂ ಕಂಡಿಲ್ಲ.

ಆಮೇಲೆ ಅವಳು ನನ್ನ ಕಡೆ ತಿರುಗಿ ಕೂಗಿ ಹೇಳಿದಳು: "ಬಸೂ, ಹುಷಾರು! ಗಟ್ಟಿ ಹಿಡಕೋ!"

ಕುದುರೆಗಳು ನಿಂತವು. ನೆಲ ಇನ್ನೂ ಸುತ್ತುತ್ತಿತ್ತು, ಕನಿಷ್ಠ ನನ್ನ ಪಾಲಿಗೆ. ಮೆಟ್ಟಿಲ ಬುಡದಲ್ಲಿ ನೋಡಿದರೆ ಅವ್ವನ ಚಪ್ಪಲಿಯ ಪಕ್ಕದಲ್ಲಿ ಒಂದು ಸಾಲು ಬೂಟು, ಸ್ಯಾಂಡಲ್, ಕೂಸುಗಳ ರಬ್ಬರು ಬೂಟು. ನಮ್ಮ ಹಿಂದೆ ಸರತಿಯಲ್ಲಿದ್ದವರೆಲ್ಲ, ಹಳೆಯ ಕಾಲದ ಕುದುರೆ, ಹೀಗೊಂದು ನಿಯಮ ಇರಬೇಕು ಎಂದುಕೊಂಡು ತೆಪ್ಪಗೆ ಕಳಚಿಟ್ಟು ಹತ್ತಿದ್ದರು. ಇಂಗ್ಲಿಷರ ಧರ್ಮವೇ ಸರತಿ. ಮುಂದಿನವರು ಮಾಡಿದ್ದೇ ಅದರ ಶಾಸ್ತ್ರ. ಸೀಟಿಯ ಹೆಂಗಸು ಆ ಸಾಲನ್ನು ನೋಡಿ, ನಮ್ಮನ್ನು ನೋಡಿ, "ನನ್ನ ಈ ಹಲಗೆಯ ನೆಲ ಇಷ್ಟು ಚೊಕ್ಕವಾಗಿ ಯಾವತ್ತೂ ಉಳಿದಿರಲಿಲ್ಲ" ಅಂದಳು.

ನಾನು ಮೊದಲು ಇಳಿದು, ರೂಢಿಯಂತೆ ಮೇಲಕ್ಕೆ ಕೈ ಚಾಚಿದೆ. ಅವ್ವ ಆ ಕೈಯನ್ನು ಒಮ್ಮೆ ನೋಡಿದಳು. ಸೊಂಟಕ್ಕೆ ಸಿಗಿಸಿದ್ದ ತನ್ನ ಪುಟ್ಟ ಪರ್ಸು ತೆಗೆದು ಅದರಲ್ಲಿ ಇಟ್ಟಳು. ನೆರಿಗೆ ಎತ್ತಿ ಹಿಡಿದು, ಮೆಟ್ಟಿಲು ಇಳಿದು, ಅಷ್ಟು ಬೂಟುಗಳ ನಡುವೆ ತನ್ನ ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಹುಲ್ಲಿನ ಮೇಲೆ ಗಿರಿಜಾಳ ಕಡೆ ನಡೆದುಹೋದಳು.

ನನ್ನ ಕೈ ಬಹಳ ಹೊತ್ತು ಚಾಚಿಕೊಂಡೇ ಇತ್ತು. ಅದರಲ್ಲಿ ಪರ್ಸು ಇದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.