ಡ್ರಮ್ಮಿಗೆ ಬಳಿದ ಅರಿಶಿನ

ಆಗೆಲ್ಲ ಫೆಬ್ರುವರಿ ಬಂತೆಂದರೆ ನನ್ನ ದಿನಚರಿಯ ಪುಟಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಶನಿವಾರ ಸಾಲೆ ಬಿಟ್ಟ ಕೂಡಲೇ ವಿಜಯಪುರದ ಜಲನಗರದಿಂದ ಹೊರಟು ಹೊನವಾಡದ ಬಸ್ಸು ಹಿಡಿದರೆ, ಸೋಮವಾರ ಬೆಳಗಿನವರೆಗೆ ಕೈಯೆಲ್ಲ ದ್ರಾಕ್ಷಿ ರಸ. ಅಂಥ ಪುಟಗಳಲ್ಲಿ ಒಂದು, ನಾನು ಏಳನೆಯ ತರಗತಿಯಲ್ಲಿದ್ದಾಗಿನ ಒಂದು ರವಿವಾರದ್ದು. ತಾರೀಖಿನ ಕೆಳಗೆ ಒಂದು ಹಳದಿ ಬೆರಳಚ್ಚು, ಪಕ್ಕದಲ್ಲೇ ಒಂದು ಕೆಂಪು ಬೆರಳಚ್ಚು. ಎರಡೂ ಆಯಿಯವು. ಆಯಿ ಅಂದರೆ ಅಪ್ಪನ ತಾಯಿ.

ಆ ವರ್ಷ ಹೊನವಾಡದ ನಮ್ಮ ದ್ರಾಕ್ಷಿ ತೋಟದಲ್ಲಿ ಅಪ್ಪನ ತಮ್ಮ ಸಿದ್ದು ಕಾಕಾ ಮೊದಲ ಸಲ ಸ್ವಂತ ಶೆಡ್ ಹಾಕಿ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡಲು ಹೊರಟಿದ್ದರು. ದ್ರಾಕ್ಷಿಯನ್ನು ಹಾಗೇ ಹರವಿದರೆ ಬೇಗ ಒಣಗುವುದಿಲ್ಲ, ಕಪ್ಪಾಗುತ್ತದೆ. ಅದಕ್ಕೆ ಡ್ರಮ್ಮಿನ ನೀರಿನಲ್ಲಿ ಪೊಟ್ಯಾಶಿಯಂ ಕಾರ್ಬೋನೇಟ್ ಎಂಬ ಬಿಳಿ ಪುಡಿಯನ್ನೂ ಒಂದಿಷ್ಟು ಎಣ್ಣೆಯನ್ನೂ ಕದಡಿ, ಗೊನೆಗಳನ್ನು ಅದರಲ್ಲಿ ಅದ್ದಿ, ಆಮೇಲೆ ಶೆಡ್ಡಿನ ಬಲೆಗಳ ಮೇಲೆ ಹರವುತ್ತಾರೆ.

ಕೊಯ್ದ ಹಣ್ಣು ಕ್ರೇಟುಗಳಲ್ಲಿ ತುಂಬಿ ನಿಂತಿತ್ತು. ಹೊಸ ಡ್ರಮ್ಮಿಗೆ ಪೂಜೆ ಮಾಡದೆ ಬಿಡುವವಳಲ್ಲ ನಮ್ಮ ಆಯಿ. ಅರಿಶಿನ ಕಲಸಿ ಡ್ರಮ್ಮಿನ ಹೊಟ್ಟೆಗೆ ಅಗಲವಾಗಿ ಬಳಿದಳು, ಕಾಯಿ ಒಡೆದಳು. ಕಾಕಾ ಮೊದಲ ಕ್ರೇಟು ಅದ್ದಿ ಮೇಲೆತ್ತಿದರು. ಸೋರಿದ ನೀರು ಅರಿಶಿನದ ಮೇಲೆ ಇಳಿಯಿತು. ಇಳಿದಲ್ಲೆಲ್ಲ ರಕ್ತಗೆಂಪು!

"ನಿಲ್ಲಸ್ರಿ!" ಆಯಿ ಕೂಗಿದಳು. "ಹೊಸಾ ಡ್ರಮ್ಮಿಗೆ ದೃಷ್ಟಿ ಬಿದ್ದೈತಿ. ಇವತ್ತು ಅದ್ದೂದು ಬ್ಯಾಡ."

"ಯವ್ವಾ, ಹಣ್ಣು ಕೊಯ್ದಾಗೇತಿ. ಈ ಬಿಸಲಾಗ ನಾಳೆತನಾ ಇಟ್ರ ಹುಳಿ ಹೊಡೀತಾವು," ಕಾಕಾನ ದನಿ ಅಳುವಂತಿತ್ತು.

"ಹೊಡೀಲಿ."

ಕೆಲಸದ ಗಂಗವ್ವ ಕ್ರೇಟು ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. "ಆಯಿ ಅಂದಮ್ಯಾಲ ಮುಗೀತು. ನಡೀರಿ, ರೊಟ್ಟಿ ಉಣ್ಣೂಣು."

ನನಗೋ ಒಳಗೊಳಗೇ ಕುಣಿತ. ಪ್ರತ್ಯಾಮ್ಲ ತಾಕಿದರೆ ಅರಿಶಿನ ಕೆಂಪಾಗುತ್ತದೆಂಬ ಪಾಠ ನಮಗೆ ಸಾಲೆಯಲ್ಲಿ ಆಗಷ್ಟೇ ಆಗಿತ್ತು. ಅರಿಶಿನ ಸವರಿದ ಕಾಗದದ ಚೂರುಗಳನ್ನು ಮನೆಯ ಸಾಬೂನು, ಸೋಡಾ, ಹುಣಸೆ, ಮೊಸರು ಎಲ್ಲಕ್ಕೂ ಮುಟ್ಟಿಸಿ, ಕೆಂಪಾದವು ಯಾವುವು, ಆಗದವು ಯಾವುವು ಎಂದು ತಾರೀಖು ಸಮೇತ ಬರೆದಿಟ್ಟಿದ್ದೆ.

"ಆಯಿ, ದೃಷ್ಟಿ ಅಲ್ಲ. ಆ ನೀರು ಪ್ರತ್ಯಾಮ್ಲ ಐತಿ."

"ಅದ್ಯಾವ ದೇವರಬೇ?"

"ಆರತಿ ನೀರಿಗೆ ನೀ ಅರಿಷಿಣ, ಸುಣ್ಣ ಕಲಸ್ತಿ. ಕೆಂಪ ಆಗತೈತಿಲ್ಲ? ಇದೂ ಹಂಗ."

"ಅದು ಸುಣ್ಣದಿಂದ. ತಿನ್ನೂ ಹಣ್ಣಿಗೆ ಸುಣ್ಣ ಹಾಕ್ಯಾನೇನು ನಿಮ್ಮ ಕಾಕಾ?"

"ಸುಣ್ಣ ಅಲ್ಲ, ಸುಣ್ಣದ ಬಳಗ."

"ಸುಣ್ಣಕ್ಕೂ ಬೀಗರು ಬಿಜ್ಜರು ಅದಾರೇನು!" ಎಂದಳು ಗಂಗವ್ವ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಯಿ ಮಾತ್ರ ನಗಲಿಲ್ಲ.

ಪೂಜೆಯ ತಟ್ಟೆಯಲ್ಲಿ ಲಿಂಬೆಹಣ್ಣಿತ್ತು. "ಇದನ್ನ ಹಿಂಡ್ತೀನಿ. ಮತ್ತ ಹಳದಿ ಆದ್ರ ಕೆಲಸ ಚಾಲೂ ಮಾಡಬೇಕ," ಎಂದೆ.

"ಆಗಲಿಲ್ಲಂದ್ರ?"

ಕೆಂಪಾದ ಚೂರು ಹುಣಸೆಗೆ ಮತ್ತೆ ಹಳದಿಯಾಗಿತ್ತು ನಿಜ. ಆದರೆ ಅದನ್ನು ಕಾಗದದ ಮೇಲೆ ಮಾಡಿದ್ದೆ. ಡ್ರಮ್ಮಿನ ಮೇಲೆ ಮಾಡಿದವರು ಯಾರು? ಕಾಕಾ ಬಗ್ಗಿ ಕಿವಿಯಲ್ಲಿ, "ಹುಳಿ ಒಳಗ ಬೀಳಬಾರದು ನೋಡ, ನೀರಿನ ಕಸುವು ಹೋಗತೈತಿ," ಎಂದರು.

ಡ್ರಮ್ಮಿನ ಹೊರಮೈಗೆ, ಅರಿಶಿನ ಕೆಂಪಾದಲ್ಲಿ, ಹಿಂಡಿದೆ. ಸಣ್ಣ ಸಣ್ಣ ಗುಳ್ಳೆ ಎದ್ದವು. ಕೆಂಪು ಹಾಗೇ ಇತ್ತು. ಇನ್ನಷ್ಟು ಹಿಂಡಿದೆ. ಅಂಚಿನಿಂದ ಬಣ್ಣ ತಿಳಿಯಾಗುತ್ತ ಬಂದು, ನೋಡನೋಡುತ್ತಲೇ ಅಷ್ಟಗಲವೂ ಹಳದಿಗೆ ತಿರುಗಿತು.

ಆಯಿ ಹಣೆ ಮುಟ್ಟಿಕೊಂಡಳು. "ಹೋತು ನೋಡ್ರಿ ದೃಷ್ಟಿ! ಲಿಂಬಿಹಣ್ಣಿಗೆ ಹೆದರಲಾರದ ದೃಷ್ಟಿ ಎಲ್ಲೈತಿ?"

ಆಮ್ಲ, ಪ್ರತ್ಯಾಮ್ಲ ಸೇರಿದರೆ ಏನಾಗುತ್ತದೆಂದು ವಿವರಿಸಲು ನಾನು ಬಾಯಿ ತೆರೆದೆ. ಕಾಕಾ ಅದರೊಳಗೆ ಒಂದು ದ್ರಾಕ್ಷಿ ತುರುಕಿದರು.

ಅಂದು ಸಂಜೆಯವರೆಗೆ ಆಯಿ ಡ್ರಮ್ಮಿನ ಪಕ್ಕ ಮಣೆ ಹಾಕಿಕೊಂಡು ಕೂತಿದ್ದಳು. ನೀರು ಸೋರಿ ಅರಿಶಿನ ಕೆಂಪಾದಾಗಲೆಲ್ಲ ಲಿಂಬೆ ಹೋಳಿನಿಂದ ಒರೆಸಿ, "ಮತ್ತ ಬಂತು ನೋಡ, ನಾಚಿಕಿ ಇಲ್ಲದ್ದು," ಎಂದು ಬೈಯುವಳು. ರೊಟ್ಟಿ, ಶೇಂಗಾ ಚಟ್ನಿ ಅಲ್ಲಿಗೇ ತರಿಸಿಕೊಂಡು ಉಂಡಳು. ನಾನು ದಿನಚರಿ ಬರೆಯುವುದನ್ನು ಕಂಡು, "ನಂದೂ ಬರಿಬೇ," ಎಂದು ಅರಿಶಿನದ ಬೆರಳು ಒತ್ತಿದಳು. ನಾನು ಅದೇ ಬೆರಳನ್ನು ಡ್ರಮ್ಮಿನ ನೀರಿಗೆ ತಾಕಿಸಿ ಇನ್ನೊಮ್ಮೆ ಒತ್ತಿಸಿಕೊಂಡೆ.

ಆ ಸಲದ ಮಣೂಕ ಹಸಿರು ಬಂಗಾರದಂತೆ ಬಂತು. ಬಂದವರಿಗೆಲ್ಲ ಆಯಿ ಮುಷ್ಟಿ ತುಂಬ ಕೊಟ್ಟು ಲಿಂಬೆಹಣ್ಣಿನ ಕಥೆ ಹೇಳುತ್ತಿದ್ದಳು.

ಈಗ ಕಾಕಾನ ಶೆಡ್ಡಿನಲ್ಲಿ ನೀರಿನ ಕಸುವು ನೋಡಲು ಅಂಗೈಯಷ್ಟು ಮೀಟರಿದೆ. ಅದ್ದಿದರೆ ಅಂಕಿ ತೋರಿಸುತ್ತದೆ, ಯಾರನ್ನೂ ಬೈಯುವುದಿಲ್ಲ. ಆಯಿ ಹೋದ ಮೇಲಿನ ಮೊದಲ ಕೊಯ್ಲಿಗೆ ಹೋದಾಗ ನಾನೇ ಡ್ರಮ್ಮಿಗೆ ಅರಿಶಿನ ಬಳಿದೆ. ನೀರು ಸೋರಿತು, ಅರಿಶಿನ ಕೆಂಪಾಯಿತು. ಲಿಂಬೆಹಣ್ಣು ಹಿಡಿದು ಕಾಯುತ್ತ ನಿಂತೆ. ನಿಲ್ಲಿಸಿರೆಂದು ಯಾರೂ ಕೂಗಲಿಲ್ಲ.