ಕಾಕಿಯ ಅಳು ಜಾಸ್ತಿ ಆಯಿತಂತೆ

ನಮ್ಮ ಓಣಿಯಲ್ಲಿ ಯಾರೇ ಸತ್ತರೂ ಬಾಜೂ ಮನೆಯ ಕಾಕಿ ಮೊದಲು ಬರುತ್ತಿದ್ದಳು. ಹೆಣದ ಕಾಲು ಹಿಡಿದು, ಸತ್ತವರ ಗುಣ ಹಾಡಿ ಅಳುತ್ತಿದ್ದಳು. "ಹೆಸರ ಹಿಡಿದು ಅಳಬೇಕ ತಮ್ಮಾ, ಬರೇ ಕಣ್ಣೀರ ಹಾಕಿದ್ರ ಏನ ಬಂತು?" ಅನ್ನುವಳು.

ಹಳೆಯ ಕಾದಂಬರಿಯೊಂದರ ಧಾರಾವಾಹಿಗೆ ಬಸವಕಲ್ಯಾಣದ ವಾಡೆಯೊಂದರಲ್ಲಿ ಶೂಟಿಂಗ್ ನಡೆಯಿತು. ಮನೆಯ ಯಜಮಾನ ಸಾಯುವ ಸೀನಿಗೆ ಕಾಕಿಯನ್ನು ಕರೆದೊಯ್ದರು. ತೀರಿಹೋದ ತನ್ನ ಗಂಡನನ್ನು ನೆನೆದು, ಯಾವನೋ ನಟನ ಕಾಲು ಹಿಡಿದು ಅತ್ತು ಬಂದಳು.

ಅದು ಟಿವಿಯಲ್ಲಿ ಬಂದ ಮೇಲೆ ಹುಮನಾಬಾದಿನ ಹೋಟೆಲಿನಲ್ಲಿ ಪೇಪರು ನೋಡಿದೆ. ವಿಮರ್ಶಕ ಎಲ್ಲ ಹೊಗಳಿ, 'ಹೆಂಗಸರ ಅಳು ಮಾತ್ರ ಅತಿಯಾಯಿತು, ಸುಳ್ಳೆನಿಸಿತು' ಎಂದು ಬರೆದಿದ್ದ. ಮೈಯೆಲ್ಲ ಉರಿಯಿತು. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಆದರೂ ಅಳು ಯಾವುದು, ಆಟ ಯಾವುದು ನನಗೆ ತಿಳಿಯುತ್ತದೆ. ಓಣಿಯ ಮಂದಿ ಮಾತ್ರ ನಕ್ಕೊಂತ ಅದನ್ನು ಕಾಕಿಗೂ ಮುಟ್ಟಿಸಿದರು.

ಮುಂದೆ ನನ್ನ ಅವ್ವ ತೀರಿಕೊಂಡಳು. ಕಾಕಿ ಬಂದು ಮೂಲೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ಕುಂತಳು.

"ಯಾಕ ಕಾಕಿ, ಸುಮ್ಮ ಕುಂತಿ?"

"ನಂದು ಜಾಸ್ತಿ ಆಗ್ತದಂತಪ್ಪ. ಪೇಪರಿನ್ಯಾಗ ಬಂದದ."

"ಸತ್ತಾಕಿ ಆ ಪೇಪರಿನವನ ಅವ್ವ ಅಲ್ಲ, ನನ್ನ ಅವ್ವ! ಅಳು!" ಎಂದು ಒದರಿದೆ.

ಕಾಕಿ ಬಾಯಿ ತೆರೆದಳು. ದನಿ ಹೊರಡಲಿಲ್ಲ. ಅವ್ವನ ಗುಣ ಹೇಳುವವರಿಲ್ಲದೆ ಅವಳನ್ನು ಮಣ್ಣು ಮಾಡಿದೆವು.