ಶಿವಕಾಂತಾ ಬಿಡಿಸಿದ ಬಾಣದ ಗುರುತು

ನಿಂಬರ್ಗಾದ ಶಾಲೆಯಲ್ಲಿ ಏಳನೆಯ ತರಗತಿಗೆ ಭೂಗೋಳ ಕಲಿಸುತ್ತಿದ್ದಾಗ, ಒಂದು ದಿನ ಮಾತಿನ ಭರದಲ್ಲಿ ಮೇಜಿನ ಮೇಲಿನ ಗೋಲವನ್ನು ಹಿಮ್ಮುಖವಾಗಿ ತಿರುಗಿಸಿಬಿಟ್ಟೆ. ಎರಡನೆಯ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

“ಸರ್, ಉಲ್ಟಾ ತಿರಗಾಕತ್ತದ್ರಿ. ಹಿಂಗಾದ್ರ ನಾಳಿ ಸೂರ್ಯ ಸೊಲ್ಲಾಪುರದ ಕಡಿಂದ ಹುಟ್ತಾನ್ರಿ.”

ಸೊಲ್ಲಾಪುರ ನಮ್ಮೂರಿಗೆ ಪಶ್ಚಿಮಕ್ಕಿದೆ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ತಪ್ಪು ನನ್ನದೆಂದು ಒಪ್ಪಿಕೊಂಡು, ಗೋಲದ ಮೇಲೆ ಸುಣ್ಣದ ಕಡ್ಡಿಯಿಂದ ಬಾಣದ ಗುರುತು ಹಾಕಲು ಅವಳನ್ನೇ ಕರೆದೆ. ಆ ಹುಡುಗಿ ಶಿವಕಾಂತಾ. ಮುಂದೆ ಅವಳು ಆಳಂದದಲ್ಲಿ ಐ.ಟಿ.ಐ. ಓದಿ ಫಿಟರ್ ಕೆಲಸ ಕಲಿತಳು, ಅಫಜಲಪುರ ತಾಲೂಕಿನ ಒಂದು ಹಳ್ಳಿಗೆ ಸೊಸೆಯಾಗಿ ಹೋದಳು. ಅಲ್ಲಿಗೆ ಹತ್ತಿರದ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಬಾಟಲಿ ತೊಳೆಯುವ ಕೆಲಸಕ್ಕೆ ಸೇರಿದವಳು, ಈಗ ಅದರ ನೀರು ಶುದ್ಧೀಕರಣ ಘಟಕದಲ್ಲಿ ಆಪರೇಟರ್. ಪಂಪು ಫ್ಯಾನುಗಳ ನಡುವೆ ಅಲ್ಲಿ ಕೆಲಸ ಮಾಡುವ ಹೆಣ್ಣುಮಗಳು ಅವಳೊಬ್ಬಳೇ.

ಕಬ್ಬಿನ ರಸ ಕುದಿಸಿದಾಗ ಬರುವ ಆವಿ ತಣಿದು ಬಿಸಿನೀರಾಗುತ್ತದೆ. ಅದರಲ್ಲಿ ಸಕ್ಕರೆಯ ಅಂಶ ಉಳಿದಿರುವುದರಿಂದ ಶುದ್ಧಮಾಡದೆ ಮತ್ತೆ ಬಳಸುವಂತಿಲ್ಲ. ಮೊದಲು ಪಂಪು ಆ ನೀರನ್ನು ಎತ್ತರದ ಕೂಲಿಂಗ್ ಟವರಿಗೆ ಏರಿಸುತ್ತದೆ. ಟವರಿನ ನೆತ್ತಿಯಲ್ಲಿರುವ ದೊಡ್ಡ ಫ್ಯಾನು ಕೆಳಗಿನಿಂದ ಗಾಳಿಯನ್ನು ಸೆಳೆದು ಮೇಲಕ್ಕೆ ಎಸೆಯುವಾಗ ನೀರು ತಣಿಯುತ್ತದೆ. ಬಳಿಕ ಅದು ಒಂದು ದೊಡ್ಡ ತೊಟ್ಟಿಗೆ ಇಳಿಯುತ್ತದೆ. ಅಲ್ಲಿ ಕಣ್ಣಿಗೆ ಕಾಣದ ಜೀವಾಣುಗಳು ನೀರಿನಲ್ಲಿರುವ ಸಕ್ಕರೆಯನ್ನು ತಿಂದುಹಾಕುತ್ತವೆ. ಶಿವಕಾಂತಾ ಅವುಗಳನ್ನು ‘ನಮ್ಮ ಹುಳ’ ಎನ್ನುತ್ತಾಳೆ. ಹಂಗಾಮಿಗೆ ಮೊದಲು ಇಪ್ಪತ್ತೆರಡು ದಿನ ತಪ್ಪದೆ ಸಗಣಿ ಕಲಸಿ ಹಾಕಿ ಅವಳು ಅವುಗಳನ್ನು ಬೆಳೆಸಿದ್ದಳು. “ಮನ್ಯಾಗ ಕೊಟ್ಟಗಿ ಬಳಿ ಅಂದ್ರ ಮೂಗು ಮುರೀತಾಳ, ಫ್ಯಾಕ್ಟರ್ಯಾಗ ಪುಟ್ಟಿಗಟ್ಲೆ ಸಗಣಿ ಕಲಸ್ತಾಳ ನೋಡ್ರಿ ನಮ್ಮ ಸೊಸಿ” ಎಂದು ಅತ್ತೆ ಸಕ್ಕುಬಾಯಿ ಮನೆಗೆ ಬಂದವರ ಮುಂದೆಲ್ಲ ಹೇಳುತ್ತಿದ್ದರಂತೆ.

ಕಬ್ಬು ಅರೆಯಲು ಆರಂಭಿಸುವ ಮುನ್ನ ಆ ಕಾರ್ಖಾನೆಯಲ್ಲಿ ಯಂತ್ರಗಳಿಗೆಲ್ಲ ಬಣ್ಣ ಬಳಿದು, ಚೆಂಡುಹೂವಿನ ಮಾಲೆ ಹಾಕಿ ಪೂಜಿಸುತ್ತಾರೆ. ಹೋದ ವರ್ಷ ತನ್ನ ವಿಭಾಗದ ಮೋಟಾರು ಪಂಪುಗಳಿಗೆ ಶಿವಕಾಂತಾ ತಾನೇ ಕುಂಚ ಹಿಡಿದು ಹಸಿರು ಬಣ್ಣ ಬಳಿದಳು. ಪೂಜೆಯಾದ ಸಂಜೆಗೇ ಕಾರ್ಖಾನೆ ಆರಂಭವಾಯಿತು.

ಮರುದಿನ ಬೆಳಿಗ್ಗೆ ಎಂಟಕ್ಕೆ ಅವಳು ತೊಟ್ಟಿಯಲ್ಲಿ ಉಷ್ಣಮಾಪಕ ಇಳಿಸಿದಾಗ ಮೂವತ್ತಾರು ಡಿಗ್ರಿ ಇತ್ತು. ಹತ್ತಕ್ಕೆ ಮೂವತ್ತೆಂಟಾಯಿತು. ನಲವತ್ತು ದಾಟಿದರೆ ಹುಳಗಳು ಸಾಯತೊಡಗುತ್ತವೆ. ಬಿಸಿನೀರನ್ನು ತಡೆಯಬೇಕೆಂದರೆ ಕಾರ್ಖಾನೆಯನ್ನೇ ನಿಲ್ಲಿಸಬೇಕು. ಹೊರಗೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ರಸ್ತೆಯವರೆಗೂ ಸಾಲುಗಟ್ಟಿದ್ದವು.

ವಿಭಾಗದ ಇಂಜಿನಿಯರ್ ಧರ್ಮರಾಜ ಸಿಡಿಮಿಡಿಗೊಂಡು ಬಂದರು.

“ಸಗಣಿ ಪುಟ್ಟಿ ಬಿಸಿನೀರಿನ ಗುಂಡ್ಯಾಗ ತೊಳದು ತೊಳದು ಪಂಪಿನ ಬಾಯಿ ಕಟ್ಟಿಸೀದಿ ನೋಡವಾ. ನೀರು ಮ್ಯಾಲ ಏರದ ಹ್ಯಾಂಗ ತಣ್ಣಗಾಗಬೇಕು? ಈ ತೊಟ್ಟ್ಯಾಗಿನ ಹುಳ ಸತ್ರ ನೀ ವಾಪಸ್ ಲ್ಯಾಬಿನಾಗ ಬಾಟ್ಲಿ ತೊಳ್ಯಾಕ ಹೋಗು.”

“ಪಂಪು ಬಿಚ್ಚಿ ತೋರಿಸ್ತೇನ್ರಿ ಸಾಹೇಬ್ರ” ಎಂದಳು ಶಿವಕಾಂತಾ.

ಬದಲಿಗೆಂದು ಇಟ್ಟಿದ್ದ ಜೋಡಿ ಪಂಪನ್ನು ಚಾಲೂ ಮಾಡಿ, ಮೊದಲನೆಯದರ ಜಾಲರಿ ಬಿಚ್ಚಿ ತೋರಿಸಿದಳು. ಅದರಲ್ಲಿ ಒಂದು ಎಲೆಯೂ ಸಿಕ್ಕಿರಲಿಲ್ಲ. ಒತ್ತಡ ತೋರಿಸುವ ಮುಳ್ಳು ಇರಬೇಕಾದಲ್ಲೇ ನಿಂತಿತ್ತು. ಟವರಿನೊಳಗೆ ನೀರು ಧಾರಾಳವಾಗಿ ಸುರಿಯುತ್ತಿತ್ತು.

“ನೀರಿನ ತಪ್ಪಿಲ್ರಿ. ಇನ್ನ ಗಾಳಿ ನೋಡಬೇಕು.”

“ಗಾಳಿ ಏನ್ ನೋಡ್ತಿ? ಫ್ಯಾನು ತಿರಗಾಕತ್ತದ, ಕುರುಡರಿಗೂ ಕೇಳಸ್ತದ.”

ಆದರೆ ಟವರಿನ ಪಕ್ಕದ ಕಿಂಡಿಗಳಿಂದ ನೀರು ಹೊರಗೆ ಎರಚಿ, ಸುತ್ತಲಿನ ನೆಲ ಒದ್ದೆಯಾಗಿದ್ದುದನ್ನು ಅವಳು ಗಮನಿಸಿದ್ದಳು. ಗಾಳಿ ಒಳಕ್ಕೆ ಹೋಗಬೇಕಾದ ಕಿಂಡಿಯಿಂದ ನೀರೇಕೆ ಹೊರಗೆ ಬರಬೇಕು? ಸೆರಗು ಬಿಗಿದು, ಮೇಲೆ ಅಂಗಿ ತೊಟ್ಟು, ಏಣಿ ಹತ್ತಿದಳು.

ನೆತ್ತಿಯಲ್ಲಿ ಫ್ಯಾನಿನ ಸುತ್ತಲಿನ ಕಟಾಂಜನಕ್ಕೆ ನಿನ್ನೆಯ ಮಾಲೆ ಕಟ್ಟಿದ್ದರು. ಫ್ಯಾನು ಗಾಳಿಯನ್ನು ಮೇಲಕ್ಕೆ ಎಸೆಯುತ್ತಿದ್ದರೆ ಮಾಲೆಯ ತುದಿಗಳು ಹೊರಕ್ಕೆ ಹಾರಬೇಕು. ಅವು ಒಳಕ್ಕೆ ಬಾಗಿದ್ದವು. ಪೂಜೆಗೆ ತಂದಿದ್ದ ಅರಿಷಿಣದ ಪೊಟ್ಟಣ ಅಲ್ಲಿಯೇ ಉಳಿದಿತ್ತು. ಒಂದು ಚಿಟಿಕೆ ತೆಗೆದು, ಕಟಾಂಜನದ ಹೊರಗೇ ನಿಂತು ಗಾಳಿಗೆ ಬಿಟ್ಟಳು. ಹಳದಿ ಪುಡಿ ಸರ್ರನೆ ಫ್ಯಾನಿನ ಬಾಯೊಳಗೆ ಇಳಿದುಹೋಯಿತು.

“ಚಾಂದಪಾಶಾ ಕಾಕಾ!” ಮೇಲಿನಿಂದಲೇ ಕೂಗಿದಳು. “ಫ್ಯಾನು ಉಲ್ಟಾ ತಿರಗಾಕತ್ತದ್ರಿ!”

ಚಾಂದಪಾಶಾ ಕಾರ್ಖಾನೆಯ ಹಿರಿಯ ಎಲೆಕ್ಟ್ರಿಷಿಯನ್. ಅವರು ಸ್ವಿಚ್ ಆರಿಸಿ, ಅದಕ್ಕೆ ಬೀಗ ಹಾಕಿ, ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಮೇಲೆ ಬಂದರು. ಮೋಟಾರಿಗೆ ಬರುವ ಮೂರು ತಂತಿಗಳಲ್ಲಿ ಎರಡನ್ನು ಅದಲು ಬದಲು ಮಾಡಿದರೆ ಸಾಕು, ಅದು ತಿರುಗುವ ದಿಕ್ಕು ಬದಲಾಗುತ್ತದೆ. ಅವರು ಹಾಗೆಯೇ ಮಾಡಿ, ಕೆಳಗಿಳಿದು ಸ್ವಿಚ್ ಹಾಕಿದರು. ಮಾಲೆಯ ತುದಿಗಳು ಹೊರಕ್ಕೆ ಹಾರಿದವು. ಟವರಿನ ನೆತ್ತಿಯಿಂದ ಬಿಳಿಯ ಆವಿ ಎದ್ದಿತು.

ಆಗ ತೊಟ್ಟಿಯ ನೀರು ಮೂವತ್ತೊಂಬತ್ತೂವರೆ ಡಿಗ್ರಿ ಇತ್ತು.

ಧರ್ಮರಾಜರು ಘಟಕದ ದಿನಚರಿ ಪುಸ್ತಕ ತೆರೆದರು. “ಕಾಕಾ, ಗ್ರೀಸ್ ತುಂಬಲಾಕ ಮೋಟಾರ್ ಇಳಿಸಿ ಮತ್ತ ತಂತಿ ಜೋಡ್ಸಿದವ್ರು ನೀವು. ನಿಮ್ಮ ಹೆಸರೇ ಬರೀತೇನಿ.”

“ಬರೀರಿ ಸಾಬ್” ಎಂದರು ಚಾಂದಪಾಶಾ. “ಗಲತಿ ನಂದೇ. ತಿರಗೋ ದಿಕ್ಕಿನ ಬಾಣದ ಗುರ್ತು ಹುಡುಕಿದ್ನಿ, ಕಾಣಲಿಲ್ಲ. ತಿರಗ್ತಲ್ಲ, ಬಸ್ ಅಂದ್ಕೊಂಡ್ನಿ.”

ಏಣಿಯ ಬುಡದಲ್ಲಿ ಕೈ ಒರೆಸಿಕೊಳ್ಳುತ್ತಿದ್ದ ಶಿವಕಾಂತಾ ಮುಂದೆ ಬಂದಳು. ಸುಮ್ಮನಿದ್ದರೆ ಅವಳನ್ನು ಯಾರೂ ಕೇಳುತ್ತಿರಲಿಲ್ಲ. ಲ್ಯಾಬಿನ ಬಾಟಲಿಗಳ ಮಾತನ್ನು ಸಾಹೇಬರು ಆಗಲೇ ಆಡಿದ್ದರು.

“ಕಾಕಾನ ಹೆಸರಿನ ಜೋಡಿ ನಂದೂ ಬರೀರಿ ಸಾಹೇಬ್ರ. ಮೋಟಾರಿನ ಮ್ಯಾಲಿನ ಬಾಣಕ್ಕ ಬಣ್ಣ ಬಳದಾಕಿ ನಾನು. ಚಂದ ಕಾಣ್ಲಿ ಅಂತ ಎರಡು ಸಲ ಬಳದೇನ್ರಿ.”

ಧರ್ಮರಾಜರು ಪೆನ್ನು ಹಿಡಿದು ಅವಳ ಮುಖ ನೋಡಿದರು. “ಎರಡು ಸಲ?”

“ಹೌದ್ರಿ. ಒಂದೇ ಸಲ ಬಳದಿದ್ರ ಒಳಗಿಂದರ ಕಾಣ್ತಿತ್ತೋ ಏನೋ.”

ಚಾಂದಪಾಶಾ ಮೊದಲು ನಕ್ಕರು. ಆಮೇಲೆ ಸಾಹೇಬರಿಗೂ ತಡೆಯಲಾಗಲಿಲ್ಲ. ಪುಸ್ತಕದಲ್ಲಿ ಏನು ಬರೆಯಬೇಕೆಂದು ಅವರು ಅವಳನ್ನೇ ಕೇಳಿದರು.

ಮೂರು ತಿಂಗಳ ಬಳಿಕ ನಾನು ಆ ಕಡೆ ಹೋದಾಗ ಶಿವಕಾಂತಾ ಆ ಪುಟವನ್ನು ನನಗೆ ತೋರಿಸಿದಳು. ತಪ್ಪು ಯಾರದು, ಹೇಗಾಯಿತು, ಹೇಗೆ ಸರಿಹೋಯಿತು ಎಂದು ನಾಲ್ಕು ಸಾಲು. ಕೆಳಗೆ ಅವಳ ಮತ್ತು ಚಾಂದಪಾಶಾರ ಸಹಿ. ಇಷ್ಟು ವರ್ಷ ಎಷ್ಟೋ ಉತ್ತರಪತ್ರಿಕೆಗಳನ್ನು ತಿದ್ದಿದ್ದೇನೆ. ಆ ನಾಲ್ಕು ಸಾಲುಗಳನ್ನು ಓದಿದಷ್ಟು ಹೆಮ್ಮೆಯಿಂದ ಯಾವುದನ್ನೂ ಓದಿಲ್ಲ.

“ನಿನ್ನ ಹುಳಗಳು ಉಳಿದವೇನಮ್ಮ?” ಎಂದು ಕೇಳಿದೆ.

ಅವಳು ತೊಟ್ಟಿಯ ನೀರನ್ನು ಗಾಜಿನ ಜಾಡಿಯಲ್ಲಿ ಮೊಗೆದು ಮೇಜಿನ ಮೇಲಿಟ್ಟಳು. “ಅರ್ಧ ತಾಸು ಚಾ ಕುಡಕೋತ ಕೂಡ್ರಿ ಸರ್, ನೀವೇ ನೋಡ್ರಿ.” ಅರ್ಧ ತಾಸಿಗೆ ಕಂದು ಕೆಸರು ಕೆಳಗಿಳಿದು ಮೇಲೆ ತಿಳಿನೀರು ನಿಂತಿತು. ಆ ಕೆಸರೇ ಹುಳಗಳ ರಾಶಿ; ಬದುಕಿರುವ ಹುಳಗಳು ಮಾತ್ರ ಹೀಗೆ ಒಟ್ಟಾಗಿ ತಳಕ್ಕಿಳಿಯುತ್ತವೆಯಂತೆ.

ಹೊರಗೆ ಪ್ರತಿಯೊಂದು ಪಂಪು, ಪ್ರತಿಯೊಂದು ಮೋಟಾರಿನ ಮೇಲೂ ಗೇಣುದ್ದದ ಕೆಂಪು ಬಾಣವಿತ್ತು. ಅವಳೇ ಬಿಡಿಸಿದ್ದು. ಕಚೇರಿಯ ಗೋಡೆಗೆ ಬಣ್ಣ ಬಳಿಯಲು ಅಂದು ಬಂದಿದ್ದ ಇಬ್ಬರಿಗೆ ಚಾಂದಪಾಶಾ ದೂರದಿಂದಲೇ ಎಚ್ಚರಿಕೆ ಹೇಳುತ್ತಿದ್ದರು:

“ಗೋಡಿ ಎಷ್ಟರೆ ಬಳೀರಿ. ಆ ಕೆಂಪು ಬಾಣದ ಹತ್ರ ಕುಂಚ ಒಯ್ದ್ರ ಮಾತ್ರ ನಮ್ಮ ಶಿವಕಾಂತವ್ವ ನಿಮ್ಮನ್ನ ಟವರಿನ ಮ್ಯಾಲ ಕೂಡಿಸ್ತಾಳ!”